ಹೊಡೆತದ ಶಾಸ್ತ್ರವೂ ಹುಡುಗನ ದೇಹವೂ: ಬೇಸ್‌ಬಾಲ್ ದಾಂಡಿಗರ ಶಿಕ್ಷಣವನ್ನು ಕುರಿತ ಮೂರು ಗ್ರಂಥಗಳ ವಿಮರ್ಶೆ

ಆಟಗಳ ಚರಿತ್ರೆಯನ್ನು ಚರಿತ್ರೆಯೆಂದು ಪರಿಗಣಿಸುವ ವಾಡಿಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ರಾಜವಂಶ, ಭೂಕಂದಾಯ, ಶಾಸನ ಇವುಗಳ ನಡುವೆ ಹುಡುಗರು ಚೆಂಡನ್ನು ಹೊಡೆಯಲು ಕಲಿಯುವ ಬಗೆಯನ್ನು ಹೇಳುವ ಪುಸ್ತಕಗಳಿಗೆ ಸ್ಥಳವೆಲ್ಲಿ ಎಂದು ಯಾರಾದರೂ ಕೇಳಬಹುದು. ಆದರೆ ಒಂದು ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತದೆ, ಗುರುವಿನ ಸ್ವಂತ ಅನುಭವ ಯಾವ ಘಟ್ಟದಲ್ಲಿ ಶಾಸ್ತ್ರವಾಗಿ ಗಟ್ಟಿಯಾಗುತ್ತದೆ, ಆ ಶಾಸ್ತ್ರ ಬೇರೊಂದು ದೇಹದ ಮೇಲೆ ಪ್ರಯೋಗವಾದಾಗ ಏನಾಗುತ್ತದೆ ಎಂಬ ಪ್ರಶ್ನೆಗಳು ಚರಿತ್ರಕಾರನಿಗೆ ಹೊರಗಿನವಲ್ಲ. ಸಾಕ್ಷ್ಯವನ್ನು ತೂಗಿ ನೋಡುವ ನಮ್ಮ ಕಸುಬು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಇತರ ಕಡೆಗಳಿಗಿಂತ ಹೆಚ್ಚಾಗಿಯೇ ಬರುತ್ತದೆಂದು ನಮಗೆ ತೋರುತ್ತದೆ.

ಪ್ರಕೃತ ಲೇಖನದಲ್ಲಿ ಮೂರು ಗ್ರಂಥಗಳನ್ನು ಪರಿಶೀಲಿಸಿದೆ. ಅಮೆರಿಕೆಯ ಟೆಡ್ ವಿಲಿಯಮ್ಸ್ ಅವರು ಜಾನ್ ಅಂಡರ್‌ವುಡ್ ಅವರೊಡನೆ ಬರೆದು ೧೯೭೦ರ ದಶಕದ ಆರಂಭದಲ್ಲಿ ಪ್ರಕಟಿಸಿದ ‘ದಿ ಸೈನ್ಸ್ ಆಫ್ ಹಿಟ್ಟಿಂಗ್’ ಮೊದಲನೆಯದು. ಚಾರ್ಲಿ ಲೌ ಅವರ ೧೯೮೦ರ ‘ದಿ ಆರ್ಟ್ ಆಫ್ ಹಿಟ್ಟಿಂಗ್ .೩೦೦’ ಎರಡನೆಯದು. ಜಪಾನಿನ ಸದಹರು ಓ ಅವರು ಡೇವಿಡ್ ಫಾಕ್ನರ್ ಅವರ ನೆರವಿನಿಂದ ೧೯೮೪ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಆತ್ಮಕಥೆ ಮೂರನೆಯದು. ಮೊದಲನೆಯದರ ಹೆಸರಿನಲ್ಲಿ ವಿಜ್ಞಾನವಿದೆ, ಎರಡನೆಯದರ ಹೆಸರಿನಲ್ಲಿ ಕಲೆಯಿದೆ. ಮೂರನೆಯದು ತನ್ನನ್ನು ಝೆನ್ ಮಾರ್ಗವೆಂದು ಕರೆದುಕೊಳ್ಳುತ್ತದೆ. ಹೆಸರುಗಳು ಏನೇ ಇರಲಿ, ಮೂರೂ ಒಂದೊಂದು ದೇಹದ ದೋಷವನ್ನೂ ಅದರ ಪರಿಹಾರವನ್ನೂ ಕುರಿತ ವೃತ್ತಾಂತಗಳು. ಹಾಗೆ ಓದಿದಾಗ ಅವು ಅಮೂಲ್ಯವಾದ ಆಕರಗಳು. ಎಲ್ಲ ಹುಡುಗರಿಗೂ ಅನ್ವಯಿಸುವ ವಿಧಿಗಳೆಂದು ಓದಿದಾಗ ಅವುಗಳಿಂದ ಹಾನಿಯುಂಟು. ಇದು ಈ ಲೇಖನದ ವಾದ.

ಆಟವನ್ನು ನೋಡದ ವಾಚಕರಿಗಾಗಿ ಕೆಲವು ಮಾತುಗಳು ಅವಶ್ಯ. ಬೇಸ್‌ಬಾಲಿನಲ್ಲಿ ಎಸೆಗಾರನು ೬೦ ಅಡಿ ೬ ಅಂಗುಲ ದೂರದಿಂದ ಚೆಂಡನ್ನು ಎಸೆಯುತ್ತಾನೆ. ಕ್ರಿಕೆಟ್ಟಿನಲ್ಲಿರುವಂತೆ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ, ನೇರವಾಗಿ ಬರುತ್ತದೆ. ಗಂಟೆಗೆ ೯೦ ಮೈಲಿ ವೇಗದ ಎಸೆತ ದಾಂಡಿಗನನ್ನು ಸೇರಲು ಹಿಡಿಯುವ ಕಾಲ ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಮಾತ್ರ. ಅಷ್ಟರಲ್ಲಿ ನೋಡಬೇಕು, ನಿರ್ಧರಿಸಬೇಕು, ದುಂಡನೆಯ ದಾಂಡನ್ನು ದುಂಡನೆಯ ಚೆಂಡಿಗೆ ತಾಗಿಸಬೇಕು. ಹತ್ತು ಸಲ ಯತ್ನಿಸಿ ಮೂರು ಸಲ ಸಫಲನಾದವನು, ಎಂದರೆ ೦.೩೦೦ ಸರಾಸರಿಯವನು, ಉತ್ತಮ ದಾಂಡಿಗನೆನಿಸುತ್ತಾನೆ. ದಾಂಡಿಗನ ಮೊಣಕಾಲಿನಿಂದ ಎದೆಯವರೆಗೆ, ೧೭ ಅಂಗುಲ ಅಗಲದ ಒಂದು ಕಲ್ಪಿತ ಚೌಕಟ್ಟಿದೆ; ಇದನ್ನು ಸ್ಟ್ರೈಕ್ ವಲಯವೆನ್ನುತ್ತಾರೆ. ಇದರ ಹೊರಗೆ ಹೋಗುವ ನಾಲ್ಕು ಎಸೆತಗಳನ್ನು ಹೊಡೆಯದೆ ಬಿಟ್ಟವನಿಗೆ ಮೊದಲನೆಯ ಬೇಸು ಪುಕ್ಕಟೆಯಾಗಿ ದೊರೆಯುತ್ತದೆ. ಇದಕ್ಕೆ ‘ವಾಕ್’ ಎಂದು ಹೆಸರು. ಮೈದಾನದ ಬೇಲಿಯನ್ನು ದಾಟುವ ಹೊಡೆತವೇ ಹೋಂ ರನ್. ಇಷ್ಟು ತಿಳಿದಿದ್ದರೆ ಮುಂದಿನ ಚರ್ಚೆಗೆ ಸಾಕು.

ವಿಲಿಯಮ್ಸ್ ಅವರ ಅಧಿಕಾರವನ್ನು ಯಾರೂ ಪ್ರಶ್ನಿಸಲಾರರು. ೧೯೪೧ರಲ್ಲಿ ಅವರ ಸರಾಸರಿ ೦.೪೦೬, ಅದರ ನಂತರ ಅಮೆರಿಕನ್ ಲೀಗಿನಲ್ಲಿ ಇಡೀ ಋತುವನ್ನು ಆಡಿದ ಯಾರೂ ೦.೪೦೦ನ್ನು ಮುಟ್ಟಿಲ್ಲ. ೧೯೬೦ರಲ್ಲಿ ನಿವೃತ್ತರಾಗುವ ವೇಳೆಗೆ ಅವರು ೫೨೧ ಹೋಂ ರನ್ನುಗಳನ್ನು ಹೊಡೆದಿದ್ದರು. ಅವರ ಗ್ರಂಥದ ಮೂಲಸೂತ್ರ ಸರಳವಾದುದು: ಹೊಡೆಯಲು ಯೋಗ್ಯವಾದ ಚೆಂಡು ಬರುವವರೆಗೆ ಕಾಯಬೇಕು. ಈ ಸೂತ್ರವನ್ನು ತಾವು ೧೯೩೮ರಲ್ಲಿ, ಇನ್ನೂ ಹತ್ತೊಂಬತ್ತು ವರ್ಷದ ಹುಡುಗನಾಗಿದ್ದಾಗ, ರೋಜರ್ಸ್ ಹಾರ್ನ್ಸ್‌ಬಿ ಅವರಿಂದ ಪಡೆದುದಾಗಿ ವಿಲಿಯಮ್ಸ್ ಅವರೇ ಹೇಳಿಕೊಂಡಿದ್ದಾರೆ. ಪುಸ್ತಕದ ಪ್ರಸಿದ್ಧ ಚಿತ್ರವೊಂದರಲ್ಲಿ ಸ್ಟ್ರೈಕ್ ವಲಯವನ್ನು ೭೭ ಚೆಂಡುಗಳಿಂದ ತುಂಬಿಸಿದೆ. ಅಡ್ಡಲಾಗಿ ಏಳು, ಎತ್ತರಕ್ಕೆ ಹನ್ನೊಂದು. ಆಯಾ ಸ್ಥಳಕ್ಕೆ ಬಂದ ಚೆಂಡನ್ನು ಹೊಡೆದರೆ ತಮಗೆ ದೊರೆಯುವ ಸರಾಸರಿಯನ್ನು ಒಂದೊಂದರ ಮೇಲೂ ಬರೆದಿದ್ದಾರೆ. ನಡುವೆ ೦.೪೦೦, ಹೊರಗಡೆಯ ಕೆಳಮೂಲೆಯಲ್ಲಿ ೦.೨೩೦. ಒಂದೇ ನೋಟಕ್ಕೆ ಇಡೀ ಸಿದ್ಧಾಂತ ಮನಸ್ಸಿಗೆ ನಾಟುತ್ತದೆ. ಕಾಲೇಜಿನ ಪಾಠದಲ್ಲಿ ಇಷ್ಟು ಸಮರ್ಥವಾದ ಚಿತ್ರವನ್ನು ಬಳಸುವ ಅಧ್ಯಾಪಕರು ಅಪರೂಪ.

ಆದರೆ ಚಿತ್ರದ ಸಾಮರ್ಥ್ಯವೇ ಇಲ್ಲಿ ಎಚ್ಚರಿಕೆಯ ಕಾರಣವೂ ಆಗಿದೆ. ಆ ಅಂಕೆಗಳು ಎಣಿಸಿ ಪಡೆದವಲ್ಲ, ಅನುಭವಿಯಾದ ಒಬ್ಬ ದಾಂಡಿಗನು ತನ್ನನ್ನು ಕುರಿತು ಮಾಡಿದ ಅಂದಾಜುಗಳು. ಅಂದಾಜು ಪ್ರಾಮಾಣಿಕವಾದುದು, ಬಹುಮಟ್ಟಿಗೆ ಸರಿಯಾದುದೂ ಇರಬಹುದು. ಆದರೂ ಅದು ದಾಖಲೆಯಲ್ಲ, ಸ್ವಸಾಕ್ಷ್ಯ. ಇನ್ನೊಬ್ಬ ದಾಂಡಿಗನ ಚಿತ್ರ ಬೇರೆಯಾಗಿರುತ್ತದೆ. ಪ್ಯೂರ್ಟೊ ರಿಕೊದಿಂದ ಬಂದ ರಾಬರ್ಟೊ ಕ್ಲೆಮೆಂಟೆ ವಲಯದ ಹೊರಗಿನ ಚೆಂಡುಗಳನ್ನು ಧಾರಾಳವಾಗಿ ಹೊಡೆಯುತ್ತಿದ್ದರು. ವಿಲಿಯಮ್ಸ್ ಸೂತ್ರದ ಪ್ರಕಾರ ಅದು ದೊಡ್ಡ ಅಪರಾಧ. ಕ್ಲೆಮೆಂಟೆ ನಾಲ್ಕು ಸಲ ಲೀಗಿನ ಅತ್ಯುನ್ನತ ಸರಾಸರಿಯನ್ನು ಸಾಧಿಸಿದರು. ೧೯೭೨ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವ ಮೊದಲು ಮೂರು ಸಾವಿರ ಸಫಲ ಹೊಡೆತಗಳನ್ನು ಪೂರೈಸಿದ್ದರು. ಸೂತ್ರವನ್ನು ಮುರಿದವನೊಬ್ಬನು ಗೆದ್ದ ಮಾತ್ರಕ್ಕೆ ಸೂತ್ರ ಸುಳ್ಳಾಗುವುದಿಲ್ಲ, ನಿಜ. ಆದರೆ ಆ ಸೂತ್ರ ಯಾರಿಗೆ, ಯಾವಾಗ ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. ನ್ಯಾಯವಾಗಿ ಹೇಳಬೇಕಾದರೆ, ದಾಂಡಿಗರ ನಿಲುವುಗಳು ಭಿನ್ನವಾಗಿರುತ್ತವೆಂಬುದನ್ನು ವಿಲಿಯಮ್ಸ್ ಅರಿಯದವರಲ್ಲ. ಅವರ ಓದುಗರು ಅದನ್ನು ಮರೆತರು.

ಈ ಸಿದ್ಧಾಂತದ ಫಲವನ್ನು ಪರೀಕ್ಷಿಸಲು ಚರಿತ್ರೆ ನಮಗೆ ಒಂದು ಅವಕಾಶವನ್ನು ಒದಗಿಸಿದೆ. ೧೯೬೯ರಲ್ಲಿ ವಿಲಿಯಮ್ಸ್ ವಾಷಿಂಗ್ಟನ್ ಸೆನೆಟರ್ಸ್ ತಂಡದ ವ್ಯವಸ್ಥಾಪಕರಾದರು. ಹಿಂದಿನ ವರ್ಷ ಆ ತಂಡ ಗೆದ್ದುದು ೬೫ ಪಂದ್ಯ, ತಂಡದ ಸರಾಸರಿ ೦.೨೨೪. ಅವರ ಮೊದಲ ವರ್ಷದಲ್ಲಿಯೇ ಗೆಲುವು ೮೬ಕ್ಕೆ, ಸರಾಸರಿ ೦.೨೫೧ಕ್ಕೆ ಏರಿತು. ಗುರುವಿನ ಮಹಿಮೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ ಎಂದು ಅನೇಕರು ಬರೆದಿದ್ದಾರೆ. ಬೇಕು. ಅದೇ ೧೯೬೯ರಲ್ಲಿ ನಿಯಮಗಳು ಬದಲಾದುವು: ಎಸೆಗಾರನು ನಿಲ್ಲುವ ದಿಬ್ಬದ ಎತ್ತರವನ್ನು ೧೫ ಅಂಗುಲದಿಂದ ೧೦ ಅಂಗುಲಕ್ಕೆ ಇಳಿಸಲಾಯಿತು, ಸ್ಟ್ರೈಕ್ ವಲಯವನ್ನೂ ಕಿರಿದುಗೊಳಿಸಲಾಯಿತು. ಲೀಗಿಗೆ ಎರಡು ಹೊಸ ತಂಡಗಳು ಸೇರಿದುದರಿಂದ, ಹಿಂದೆ ಅವಕಾಶ ದೊರೆಯದಿದ್ದ ಎಸೆಗಾರರು ಕಣಕ್ಕಿಳಿದರು. ಪರಿಣಾಮವಾಗಿ ಇಡೀ ಅಮೆರಿಕನ್ ಲೀಗಿನ ಸರಾಸರಿಯೇ ೦.೨೩೦ರಿಂದ ೦.೨೪೬ಕ್ಕೆ ಏರಿತು. ಸೆನೆಟರ್ಸ್ ತಂಡ ಏರಿದ ಇಪ್ಪತ್ತೇಳು ಅಂಶಗಳಲ್ಲಿ ಹದಿನಾರು ಅಂಶ ಎಲ್ಲರಿಗೂ ಸಲ್ಲುವಂಥದು. ಉಳಿದ ಹನ್ನೊಂದನ್ನು ವಿಲಿಯಮ್ಸ್ ಅವರ ಲೆಕ್ಕಕ್ಕೆ ಬರೆಯಬಹುದು, ಅದೂ ಸಂಕೋಚದಿಂದ. ಮರುವರ್ಷ ತಂಡ ೭೦ ಪಂದ್ಯಗಳನ್ನಷ್ಟೇ ಗೆದ್ದಿತು.

ಮೊತ್ತದ ಅಂಕೆಯನ್ನು ಬಿಟ್ಟು ಒಬ್ಬೊಬ್ಬ ಆಟಗಾರನನ್ನು ನೋಡಿದಾಗ ಸತ್ಯ ಹೆಚ್ಚು ಸ್ಪಷ್ಟವಾಗುತ್ತದೆ. ಫ್ರಾಂಕ್ ಹೊವರ್ಡ್ ಆರು ಅಡಿ ಏಳು ಅಂಗುಲ ಎತ್ತರದ ಬಲಶಾಲಿ. ೧೯೬೮ರಲ್ಲಿಯೇ ಅವರು ೪೪ ಹೋಂ ರನ್ನುಗಳನ್ನು ಹೊಡೆದಿದ್ದರು. ಬೀಸುವ ವಿಧಾನವನ್ನು ಅವರಿಗೆ ಕಲಿಸಬೇಕಾಗಿರಲಿಲ್ಲ. ಆದರೆ ಸಿಕ್ಕಿದ ಚೆಂಡಿಗೆಲ್ಲ ಬೀಸುತ್ತಿದ್ದರು. ಆ ವರ್ಷ ಅವರು ಪಡೆದ ವಾಕ್‌ಗಳು ೫೪, ಚೆಂಡು ತಾಗದೆ ಔಟಾದುದು ೧೪೧ ಸಲ. ಕಾಯುವುದನ್ನು ಕಲಿತ ಮೇಲೆ, ೧೯೬೯ರಲ್ಲಿ, ವಾಕ್‌ಗಳು ೧೦೨ ಆದುವು, ಔಟಾದುದು ೯೬ಕ್ಕೆ ಇಳಿಯಿತು, ಹೋಂ ರನ್ನುಗಳು ೪೮ಕ್ಕೆ ಏರಿದುವು. ೧೯೭೦ರಲ್ಲಿ ವಾಕ್‌ಗಳು ೧೩೨. ದಿಬ್ಬವನ್ನು ಇಳಿಸಿದುದರಿಂದ ಮಾತ್ರ ಇಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ. ಇಲ್ಲಿ ಗುರು ನಿಜವಾಗಿ ಕಲಿಸಿದ್ದಾನೆ, ಶಿಷ್ಯ ನಿಜವಾಗಿ ಕಲಿತಿದ್ದಾನೆ. ಏಕೆಂದರೆ ವಿಲಿಯಮ್ಸ್ ಸೂತ್ರಕ್ಕೂ ಹೊವರ್ಡ್ ಕೊರತೆಗೂ ಹೊಂದಿಕೆಯಿತ್ತು. ಇದೇ ತಂಡದ ಎಡ್ ಬ್ರಿಂಕ್‌ಮನ್ ಅವರು ಕ್ಷೇತ್ರರಕ್ಷಣೆಯಲ್ಲಿ ನಿಪುಣರು, ಹೊಡೆತದಲ್ಲಿ ಬಲಹೀನರು. ಅವರ ಸರಾಸರಿ ೦.೧೮೭ರಿಂದ ೦.೨೬೬ಕ್ಕೆ ಏರಿತು. ಇದನ್ನು ಪವಾಡವೆಂದು ಕರೆದವರುಂಟು. ಮುಂದೆ ಡೆಟ್ರಾಯಿಟ್ ತಂಡಕ್ಕೆ ಹೋದ ಮೇಲೆ ಅವರ ಸರಾಸರಿ ೧೯೭೧ರಲ್ಲಿ ೦.೨೨೮, ೧೯೭೨ರಲ್ಲಿ ೦.೨೦೩. ಹೊವರ್ಡ್ ಕಲಿತುದು ಅವರ ಮೈಗೆ ಹತ್ತಿತ್ತು. ಬ್ರಿಂಕ್‌ಮನ್ ಕಲಿತುದು ಗುರುವಿನ ಸನ್ನಿಧಿ ಇರುವವರೆಗೆ ಮಾತ್ರ ಉಳಿದಂತೆ ತೋರುತ್ತದೆ. ಒಂದೇ ಗುರು, ಒಂದೇ ತಂಡ. ಇಬ್ಬರ ಪಾಲಿಗೆ ಬಂದ ಫಲ ಒಂದೇ ಅಲ್ಲ. ಗ್ರಂಥದಲ್ಲಿ ದೊರೆಯದ ಪಾಠ ಈ ಅಂಕೆಗಳಲ್ಲಿದೆ.

ಚಾರ್ಲಿ ಲೌ ಅವರದು ಇದಕ್ಕೆ ವಿರುದ್ಧವಾದ ಜೀವನ. ಆಟಗಾರರಾಗಿ ಅವರ ಒಟ್ಟು ಸರಾಸರಿ ೦.೨೫೫; ಮಹಾಪುರುಷರ ಸಾಲಿನಲ್ಲಿ ಅವರಿಗೆ ಸ್ಥಳವಿಲ್ಲ. ತಮ್ಮ ನಿಲುವನ್ನು ಮಧ್ಯವಯಸ್ಸಿಗೆ ಸಮೀಪಿಸುತ್ತಿದ್ದಾಗ ತಾವೇ ಬಿಚ್ಚಿ ಕಟ್ಟಿಕೊಂಡು ೧೯೬೨ರಲ್ಲಿ ೦.೨೯೪ ಸಾಧಿಸಿದವರು. ಬಲ ಸಾಲದವನು ಬಲವನ್ನು ಹೇಗೆ ಕೂಡಿಸಿಕೊಳ್ಳಬೇಕೆಂಬುದೇ ಅವರ ಚಿಂತನೆಯ ಬೀಜ. ಆದುದರಿಂದ ಅವರು ದೇಹದ ಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ಸಾಗಿಸುವುದನ್ನೂ, ತಲೆಯನ್ನು ಅಲುಗದಂತೆ ಇಡುವುದನ್ನೂ, ಮೈದಾನದ ಎಲ್ಲ ದಿಕ್ಕುಗಳಿಗೂ ಹೊಡೆಯುವುದನ್ನೂ ಒತ್ತಿ ಹೇಳಿದರು. ವಿಲಿಯಮ್ಸ್ ಸೊಂಟದ ತಿರುವನ್ನು ಮೂಲವೆಂದರೆ, ಲೌ ಭಾರದ ಸಾಗಣೆಯನ್ನು ಮೂಲವೆಂದರು. ೧೯೭೪ರ ಮಧ್ಯದಲ್ಲಿ ಕ್ಯಾನ್ಸಸ್ ಸಿಟಿ ತಂಡದ ತರುಣ ಜಾರ್ಜ್ ಬ್ರೆಟ್ ಅವರ ಬಳಿಗೆ ಬಂದಾಗ ಹುಡುಗನ ಆಟ ತೀರ ಸೊರಗಿತ್ತು. ಆ ವರ್ಷ ಮುಗಿದುದು ೦.೨೮೨ರಲ್ಲಿ. ಎರಡು ವರ್ಷದ ನಂತರ ೦.೩೩೩ರೊಡನೆ ಲೀಗಿನ ಪ್ರಥಮ ಸ್ಥಾನ, ೧೯೮೦ರಲ್ಲಿ ೦.೩೯೦. ಇಂಥ ಶಿಷ್ಯನೊಬ್ಬನು ದೊರೆತ ಮೇಲೆ ಯಾವ ವಿಧಾನವಾದರೂ ಸಂಪ್ರದಾಯವಾಗಿ ಬಿಡುತ್ತದೆ. ಲೌ ೧೯೮೪ರಲ್ಲಿ ತೀರಿಕೊಂಡರು. ಆ ವೇಳೆಗಾಗಲೇ ಲೌ ಪಂಥ, ವಿಲಿಯಮ್ಸ್ ಪಂಥ ಎಂಬ ಎರಡು ಪಂಗಡಗಳು ಅಮೆರಿಕೆಯ ಶಿಕ್ಷಕರಲ್ಲಿ ಹುಟ್ಟಿ, ದ್ವೈತಾದ್ವೈತಗಳ ವಾದವನ್ನು ನೆನಪಿಗೆ ತರುವಷ್ಟು ಬಿರುಸಿನಿಂದ ಕಾದಾಡುತ್ತಿದ್ದುವು. ಎರಡು ಮತಗಳ ಆಚಾರ್ಯರೂ ತಮ್ಮ ತಮ್ಮ ದೇಹದಿಂದ ಹೊರಟವರೆಂಬುದು ಆ ಗದ್ದಲದಲ್ಲಿ ಮರೆಯಾಯಿತು.

ಮೂರನೆಯ ಗ್ರಂಥ ನಮ್ಮ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದುದು, ಏಕೆಂದರೆ ಅದು ಶಿಷ್ಯನ ಕಡೆಯಿಂದ ಬರೆದುದು. ಓ ಅವರು ೧೯೫೯ರಲ್ಲಿ ತೋಕಿಯೋದ ಯೋಮಿಯೂರಿ ಜೈಂಟ್ಸ್ ತಂಡವನ್ನು ಸೇರಿದರು. ಮೊದಲ ೨೬ ಯತ್ನಗಳಲ್ಲಿ ಒಂದೂ ಸಫಲವಾಗಲಿಲ್ಲ. ಆ ವರ್ಷದ ಸರಾಸರಿ ೦.೧೬೧. ೧೯೬೧ರಲ್ಲಿ ಕೂಡ ೧೩ ಹೋಂ ರನ್ನುಗಳು ಮಾತ್ರ. ೧೯೬೨ರಲ್ಲಿ ಹಿರೋಷಿ ಅರಕಾವಾ ಅವರು ತಂಡದ ಶಿಕ್ಷಕರಾಗಿ ಬಂದರು. ಇವರಿಬ್ಬರಿಗೂ ಹಳೆಯ ಪರಿಚಯವಿತ್ತು. ೧೯೫೪ರಲ್ಲಿ, ಓ ಇನ್ನೂ ಶಾಲೆಯ ಹುಡುಗನಾಗಿದ್ದಾಗ, ತೋಕಿಯೋದ ಒಂದು ಉದ್ಯಾನದಲ್ಲಿ ಆಡುತ್ತಿದ್ದುದನ್ನು ಅರಕಾವಾ ಆಕಸ್ಮಿಕವಾಗಿ ಕಂಡಿದ್ದರು. ಹುಡುಗನು ಎಡಚನಾಗಿದ್ದರೂ ಬಲಗಡೆ ನಿಂತು ಹೊಡೆಯುತ್ತಿದ್ದ. ಎಡಗಡೆಗೆ ನಿಂತು ನೋಡು ಎಂದು ಅವರು ಸಲಹೆ ಕೊಟ್ಟಿದ್ದರು. ಆ ಒಂದು ಮಾತಿನಲ್ಲಿಯೇ ಈ ಶಿಕ್ಷಕರ ಸ್ವಭಾವ ತಿಳಿಯುತ್ತದೆ: ಅವರು ಮೊದಲು ಹುಡುಗನನ್ನು ನೋಡಿದರು, ಶಾಸ್ತ್ರವನ್ನು ಆಮೇಲೆ.

೧೯೬೨ರಲ್ಲಿ ಅರಕಾವಾ ಕಂಡುಕೊಂಡ ದೋಷ ಇದು. ಚೆಂಡು ಬರುವ ಹೊತ್ತಿಗೆ ಓ ಅವರ ಕೈಗಳು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರುತ್ತಿದ್ದುವು. ಕಣ್ಣಿಗೆ ಕಾಣದಷ್ಟು ಸಣ್ಣ ತಡೆ. ಆದರೆ ಹತ್ತರಲ್ಲಿ ನಾಲ್ಕು ಸೆಕೆಂಡಿನ ವ್ಯವಹಾರದಲ್ಲಿ ಸಣ್ಣದೆಂಬುದಿಲ್ಲ. ಕೈಗಳನ್ನು ಇಳಿಸಬೇಡ ಎಂದು ಹೇಳಿ ಫಲವಾಗಲಿಲ್ಲ. ಹೇಳಿದ ಮಾತ್ರಕ್ಕೆ ಬಿಡಬಲ್ಲ ಅಭ್ಯಾಸವಾಗಿದ್ದರೆ ಓ ಅದನ್ನು ಎಂದೋ ಬಿಟ್ಟಿರುತ್ತಿದ್ದರು. ಆಗ ಅರಕಾವಾ ಶಿಷ್ಯನನ್ನು ಒಂಟಿಕಾಲಿನ ಮೇಲೆ ನಿಲ್ಲಿಸಿದರು. ಮುಂಗಾಲನ್ನು ಎತ್ತಿ ಹಿಂಗಾಲಿನ ಮೇಲೆ ಸಮತೋಲದಿಂದ ನಿಂತವನಿಗೆ ಕೈಗಳನ್ನು ಅತ್ತಿತ್ತ ಆಡಿಸುವ ಸ್ವಾತಂತ್ರ್ಯವೇ ಇರುವುದಿಲ್ಲ, ಆಡಿಸಿದರೆ ಬೀಳುತ್ತಾನೆ. ೧೯೬೨ರ ಜುಲೈ ೧ರಂದು ಈ ನಿಲುವನ್ನು ಪಂದ್ಯದಲ್ಲಿ ಮೊದಲು ಬಳಸಲಾಯಿತು. ಆ ವರ್ಷ ಮುಗಿಯುವ ವೇಳೆಗೆ ೩೮ ಹೋಂ ರನ್ನುಗಳು, ೧೯೬೪ರಲ್ಲಿ ೫೫, ೧೯೮೦ರಲ್ಲಿ ನಿವೃತ್ತರಾಗುವಾಗ ಒಟ್ಟು ೮೬೮. ಸಮತೋಲವನ್ನು ಗಟ್ಟಿಗೊಳಿಸಲು ಅರಕಾವಾ ಶಿಷ್ಯನಿಗೆ ಐಕಿಡೋ ವಿದ್ಯೆಯ ಪರಿಚಯ ಮಾಡಿಸಿದುದೂ, ಮೇಲಿನಿಂದ ಇಳಿಬಿಟ್ಟ ಕಾಗದದ ಪಟ್ಟಿಯನ್ನು ಖಡ್ಗದಿಂದ ಕತ್ತರಿಸುವ ಅಭ್ಯಾಸ ಮಾಡಿಸಿದುದೂ ಪ್ರಸಿದ್ಧವಾಗಿದೆ.

ಪಾಶ್ಚಾತ್ಯ ಓದುಗರು ಮೆಚ್ಚಿದುದು ಈ ಖಡ್ಗವನ್ನು, ಝೆನ್ನನ್ನು. ಗ್ರಂಥದ ಹೆಸರೂ ಅದಕ್ಕೆ ಪ್ರೋತ್ಸಾಹ ಕೊಡುತ್ತದೆ. ನಮ್ಮ ದೃಷ್ಟಿಯಲ್ಲಿ ಗ್ರಂಥದ ಸಾರ ಅಲ್ಲಿಲ್ಲ. ಒಂಟಿಕಾಲಿನ ನಿಲುವು ತತ್ತ್ವವಲ್ಲ, ಔಷಧ. ಕೈ ಇಳಿಸುವ ಒಬ್ಬ ರೋಗಿಗಾಗಿ ಒಬ್ಬ ವೈದ್ಯನು ಅರೆದು ಕೊಟ್ಟದ್ದು. ಕೈ ಇಳಿಸದ ಹುಡುಗನಿಗೆ ಅದೇ ಔಷಧವನ್ನು ಕುಡಿಸಿದರೆ ಅವನು ಅಲುಗಾಡುವ ಕೊಕ್ಕರೆಯಾಗುತ್ತಾನೆ, ಅಷ್ಟೆ. ಅರಕಾವಾ ಅವರ ಪ್ರತಿಭೆ ಆ ನಿಲುವಿನಲ್ಲಿಲ್ಲ. ಹೇಳಿಕೆ ಕೆಲಸ ಮಾಡದಿದ್ದಾಗ, ತಪ್ಪು ಮಾಡಲು ಸಾಧ್ಯವೇ ಆಗದಂಥ ಸನ್ನಿವೇಶವನ್ನು ಕಲ್ಪಿಸಿದುದರಲ್ಲಿದೆ. ಈ ಭಾಗವನ್ನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ಬೇಸ್‌ಬಾಲಿನಲ್ಲಿ ಆಸಕ್ತಿಯಿಲ್ಲದಿದ್ದರೂ ಓದಬೇಕು.

ಹಾಗಾದರೆ ದೋಷವನ್ನು ಕಂಡೊಡನೆ ತಿದ್ದುವುದೇ ಶಿಕ್ಷಕನ ಧರ್ಮವೆ? ಇಲ್ಲಿ ಇನ್ನೊಂದು ಬಗೆಯ ಸಾಕ್ಷ್ಯವನ್ನು ನೋಡಬೇಕಾಗಿದೆ. ನ್ಯೂಯಾರ್ಕ್ ಜೈಂಟ್ಸ್ ತಂಡದ ಜಾನ್ ಮೆಕ್‌ಗ್ರಾ ಅವರ ಬಳಿಗೆ ೧೯೨೫ರಲ್ಲಿ ಮೆಲ್ ಆಟ್ ಎಂಬ ಹದಿನಾರು ವರ್ಷದ ಹುಡುಗನು ಬಂದನು. ಚೆಂಡು ಬರುವಾಗ ಮುಂಗಾಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತುವುದು ಅವನ ಅಭ್ಯಾಸ. ಅಂದಿನ ಪದ್ಧತಿಯಂತೆ ಇಂಥ ಎಳೆಯರನ್ನು ಕೆಳದರ್ಜೆಯ ತಂಡಗಳಿಗೆ ಕಳುಹಿಸಿ ಪಳಗಿಸಬೇಕು. ಮೆಕ್‌ಗ್ರಾ ಕಳುಹಿಸಲಿಲ್ಲ, ಬೇರೊಬ್ಬ ವ್ಯವಸ್ಥಾಪಕನು ಆ ಕಾಲನ್ನು ನೆಲಕ್ಕೆ ಇಳಿಸಿ ಹುಡುಗನನ್ನು ಕೆಡಿಸುತ್ತಾನೆಂಬ ಭಯ ಅವರಿಗಿತ್ತು. ತಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡು ಬೆಳೆಸಿದರು. ಆಟ್ ೫೧೧ ಹೋಂ ರನ್ನುಗಳನ್ನು ಹೊಡೆದರು. ಮೆಕ್‌ಗ್ರಾ ಕಠೋರ ಶಿಸ್ತಿಗೆ ಹೆಸರಾದವರು ಎಂಬುದನ್ನು ನೆನೆದರೆ ಈ ಸಂಯಮ ಇನ್ನೂ ಬೆಲೆಯುಳ್ಳದ್ದಾಗುತ್ತದೆ.

ಇದಕ್ಕೆ ಪ್ರತಿಯಾಗಿ ಜಪಾನಿನ ಇಚಿರೋ ಸುಝುಕಿ ಅವರ ಆರಂಭದ ವರ್ಷಗಳನ್ನು ಇಡಬಹುದು. ಓರಿಕ್ಸ್ ತಂಡದಲ್ಲಿ ಅವರ ಕಾಲು ಗಡಿಯಾರದ ಲೋಲಕದಂತೆ ತೂಗುತ್ತಿತ್ತು. ವ್ಯವಸ್ಥಾಪಕ ಷೋಝೋ ದೋಯಿ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ೧೯೯೩ರಲ್ಲಿ ಇಚಿರೋ ಮುಖ್ಯ ತಂಡಕ್ಕೆ ಆಡಿದುದು ೪೩ ಪಂದ್ಯ, ಸರಾಸರಿ ೦.೧೮೮. ಎರಡನೆಯ ತಂಡದಲ್ಲಿ ಶಿಕ್ಷಕ ಕೆನಿಚಿರೋ ಕವಾಮುರಾ ಅವರು ಆ ತೂಗಾಟವನ್ನು ತೆಗೆಯದೆ ಹದಗೊಳಿಸಿದರು. ೧೯೯೪ರಲ್ಲಿ ಅಕಿರಾ ಓಗಿ ಎಂಬ ಹೊಸ ವ್ಯವಸ್ಥಾಪಕರು ಬಂದರು, ಹುಡುಗನನ್ನು ಅವನಿದ್ದಂತೆಯೇ ಆಡಲು ಬಿಟ್ಟರು. ೧೩೦ ಪಂದ್ಯಗಳಲ್ಲಿ ೨೧೦ ಸಫಲ ಹೊಡೆತ, ೦.೩೮೫. ೨೦೦೧ರಲ್ಲಿ ಅಮೆರಿಕೆಗೆ ಹೋದ ಮೇಲೆ, ಅಲ್ಲಿನ ಎಸೆಗಾರರನ್ನು ಎದುರಿಸಲು ಇಚಿರೋ ಆ ತೂಗಾಟವನ್ನು ತಾವೇ ತಗ್ಗಿಸಿಕೊಂಡರು ಎಂಬುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಈ ಕಥೆಗಳಿಂದ ‘ಸಹಜವಾದುದನ್ನು ಮುಟ್ಟಬಾರದು’ ಎಂಬ ಹೊಸ ಸೂತ್ರವನ್ನು ಹೊಸೆಯುವವರು ಇದ್ದಾರೆ. ಅದೂ ಅವಸರದ ತೀರ್ಮಾನ. ಹ್ಯಾಂಕ್ ಆರನ್ ಹುಡುಗತನದಲ್ಲಿ ಕೈಗಳನ್ನು ತಿರುವುಮುರುವಾಗಿ ಹಿಡಿದು, ಬಲಗಡೆ ನಿಂತು ಎಡಗೈಯನ್ನು ಮೇಲಿಟ್ಟು, ಹೊಡೆಯುತ್ತಿದ್ದರು. ಅದು ಅವರಿಗೆ ಸಹಜವೇ ಆಗಿತ್ತು. ಅದನ್ನು ಬಿಟ್ಟ ಮೇಲೆ ಅವರು ೭೫೫ ಹೋಂ ರನ್ನುಗಳ ಆರನ್ ಆದರು. ಇನ್ನೊಂದು ತೊಡಕು ಚರಿತ್ರಕಾರನಿಗೆ ಸುಪರಿಚಿತವಾದುದು: ನಮ್ಮ ಮುಂದಿರುವುದೆಲ್ಲ ಗೆದ್ದವರ ಸಾಕ್ಷ್ಯ. ಕಾಲೆತ್ತುವ ಅಭ್ಯಾಸದಿಂದಲೇ ಸೋತು ಮನೆಗೆ ಹೋದ ಹುಡುಗರು ಆತ್ಮಕಥೆ ಬರೆಯುವುದಿಲ್ಲ. ತಿದ್ದಿದುದರಿಂದ ಕೆಟ್ಟವರೂ ಬರೆಯುವುದಿಲ್ಲ. ಆಟ್ ಉಳಿದರು ಎಂದ ಮಾತ್ರಕ್ಕೆ ಮೆಕ್‌ಗ್ರಾ ನೀತಿ ಸಾರ್ವತ್ರಿಕವಾಗಿ ಸರಿಯೆಂದು ಸಾಧಿಸಿದಂತಾಗುವುದಿಲ್ಲ.

ಇಷ್ಟರವರೆಗೆ ವೃತ್ತಿಯ ಆಟಗಾರರ ಮಾತಾಯಿತು. ಈ ಗ್ರಂಥಗಳನ್ನು ನಿಜವಾಗಿ ಕೊಳ್ಳುವವರು ಬೇರೆಯವರು. ೧೯೩೯ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ಕಾರ್ಲ್ ಸ್ಟಾಟ್ಜ್ ಅವರು ಆರಂಭಿಸಿದ ಲಿಟ್ಲ್ ಲೀಗ್ ಸಂಸ್ಥೆಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳು, ೧೯೭೪ರಿಂದ ಹುಡುಗಿಯರೂ ಸೇರಿ, ಆಡುತ್ತಾರೆ. ಅವರಿಗೆ ಕಲಿಸುವವರು ಬಹುಮಟ್ಟಿಗೆ ಸಂಬಳವಿಲ್ಲದ ತಂದೆತಾಯಂದಿರು. ವಾರಕ್ಕೆ ಒಂದೆರಡು ಸಂಜೆ, ಹನ್ನೆರಡು ಹದಿಮೂರು ಮಕ್ಕಳು, ಒಬ್ಬನೇ ಶಿಕ್ಷಕ. ಅಂಥವನು ಪುಸ್ತಕದಿಂದ ಒಂದು ವಾಕ್ಯವನ್ನು ಹೆಕ್ಕಿಕೊಂಡು ಎಲ್ಲರಿಗೂ ಕೂಗಿ ಹೇಳುವುದು ಆಶ್ಚರ್ಯವಲ್ಲ. ಮೊಣಕೈ ಮೇಲಕ್ಕೆ, ದಾಂಡನ್ನು ಸಮನಾಗಿ ಬೀಸು, ಕಣ್ಣನ್ನು ಚೆಂಡಿನಿಂದ ಕೀಳಬೇಡ ಎಂಬ ಕೂಗುಗಳು ಅಮೆರಿಕೆಯ ಯಾವ ಉದ್ಯಾನದಲ್ಲಿ ಬೇಕಾದರೂ ಕೇಳಿಬರುತ್ತವೆ. ಕೊನೆಯ ಆಜ್ಞೆಯನ್ನಂತೂ ಅಕ್ಷರಶಃ ಪಾಲಿಸಲು ಮನುಷ್ಯಮಾತ್ರನಿಗೆ ಸಾಧ್ಯವಿಲ್ಲ. ವೇಗದ ಚೆಂಡನ್ನು ಕೊನೆಯ ಕೆಲವು ಅಡಿಗಳಲ್ಲಿ ವೃತ್ತಿಯ ಆಟಗಾರನ ಕಣ್ಣೂ ಹಿಂಬಾಲಿಸಲಾರದೆಂದು ಟೆರಿ ಬೇಹಿಲ್ ಮತ್ತು ಟಾಮ್ ಲಾರಿಟ್ಜ್ ೧೯೮೪ರಲ್ಲಿ ತೋರಿಸಿದರು.

ಮಕ್ಕಳ ಆಟದ ಅಳತೆಗಳೇ ಬೇರೆ. ಅಲ್ಲಿ ಎಸೆಗಾರನ ದೂರ ೪೬ ಅಡಿ. ಗಂಟೆಗೆ ೬೦ ಮೈಲಿ ವೇಗದ ಎಸೆತಕ್ಕೆ ಅಲ್ಲಿ ಹಿಡಿಯುವ ಕಾಲ, ದೊಡ್ಡವರ ಮೈದಾನದಲ್ಲಿ ಸುಮಾರು ೭೯ ಮೈಲಿ ವೇಗದ ಎಸೆತಕ್ಕೆ ಹಿಡಿಯುವಷ್ಟೇ. ಆಟ್ ಅವರ ಕಾಲೆತ್ತುವಿಕೆಯನ್ನು ಹತ್ತು ವರ್ಷದ ಮಗು ಅನುಕರಿಸಿದರೆ ಕಾಲು ಇಳಿಯುವ ಮೊದಲೇ ಚೆಂಡು ಹೋಗಿರುತ್ತದೆ. ವಿಲಿಯಮ್ಸ್ ಸೂತ್ರಕ್ಕೂ ಇಲ್ಲಿ ವಿಚಿತ್ರವಾದ ಗತಿ ಬರುತ್ತದೆ. ಒಂಬತ್ತು ವರ್ಷದ ಎಸೆಗಾರನು ಗುರಿಯಿಟ್ಟು ಎಸೆಯಲಾರ. ಆದುದರಿಂದ ಕಾಯಲು ಕಲಿತ ಮಗು ದಾಂಡನ್ನು ಬೀಸದೆಯೇ ಮೊದಲನೆಯ ಬೇಸನ್ನು ಸೇರುತ್ತದೆ. ತಂಡ ಗೆಲ್ಲುತ್ತದೆ, ಶಿಕ್ಷಕನು ಬೆನ್ನು ತಟ್ಟುತ್ತಾನೆ, ಮಗು ಹೊಡೆಯಲು ಕಲಿಯುವುದಿಲ್ಲ. ಮೂರು ವರ್ಷಗಳ ನಂತರ ಗುರಿಯುಳ್ಳ ಎಸೆಗಾರನು ಎದುರಾದಾಗ ಅದರ ಕೈಯಲ್ಲಿ ಏನೂ ಇರುವುದಿಲ್ಲ. ಹೊವರ್ಡ್ ಅವರಿಗೆ ಅಮೃತವಾದ ಉಪದೇಶವೇ ಈ ಮಗುವಿನ ಬೆಳವಣಿಗೆಯನ್ನು ತಡೆದಿದೆ.

ಒಂದೇ ಲಕ್ಷಣದ ಹಿಂದೆ ಎಷ್ಟು ಕಾರಣಗಳಿರಬಹುದೆಂಬುದಕ್ಕೆ, ತಡವಾಗಿ ಬೀಸುವ ಮಕ್ಕಳನ್ನು ತೆಗೆದುಕೊಳ್ಳೋಣ. ಒಬ್ಬನ ದಾಂಡು ಅವನ ತೋಳಿಗೆ ಭಾರವಾಗಿದೆ. ಅಣ್ಣನ ದಾಂಡನ್ನು ತಂದಿರುತ್ತಾನೆ. ಹಗುರವಾದುದನ್ನು ಕೊಟ್ಟರೆ, ಇಲ್ಲವೆ ಹಿಡಿಯನ್ನು ಎರಡು ಅಂಗುಲ ಮೇಲೆ ಹಿಡಿಸಿದರೆ ಅಂದೇ ಗುಣ ಕಾಣಬಹುದು. ಇನ್ನೊಬ್ಬಳಿಗೆ ಹಿಂದೊಮ್ಮೆ ಚೆಂಡು ತಗಲಿದೆ; ಅವಳ ಮುಂಗಾಲು ಎಸೆಗಾರನ ಕಡೆಗೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ. ಇದು ಕಾಲಿನ ದೋಷವಲ್ಲ, ಭಯ. ಮೆತ್ತನೆಯ ಚೆಂಡನ್ನು ಹತ್ತಿರದಿಂದ ಮೆಲ್ಲಗೆ ಎಸೆಯುತ್ತ ವಾರಗಟ್ಟಲೆ ಕಾಯಬೇಕು, ಕಾಲಿನ ಮಾತನ್ನು ಎತ್ತಲೇಬಾರದು. ಮೂರನೆಯವನಲ್ಲಿ ಓ ಅವರಂತೆ ಕೈ ಇಳಿಯುತ್ತದೆ. ನಾಲ್ಕನೆಯವನಿಗೆ ಕನ್ನಡಕ ಬೇಕು. ಇವರೆಲ್ಲರಿಗೂ ‘ಬೇಗ ಬೀಸು’ ಎಂದು ಕೂಗಿದರೆ ಮೊದಲನೆಯವನು ಸುಸ್ತಾಗುತ್ತಾನೆ, ಎರ‍ಡನೆಯವಳು ಇನ್ನೂ ಹೆದರುತ್ತಾಳೆ, ಮೂರನೆಯವನು ಕೈಯನ್ನು ಇನ್ನೂ ರಭಸದಿಂದ ಇಳಿಸುತ್ತಾನೆ, ನಾಲ್ಕನೆಯವನು ಕಾಣದ ಚೆಂಡಿಗೆ ಬೇಗ ಬೀಸುತ್ತಾನೆ. ಹದಿಮೂರು ಮಕ್ಕಳಿರುವ ಶಿಕ್ಷಕನಿಗೆ ಇಷ್ಟು ವಿಚಾರಿಸಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಈ ನಾಲ್ವರನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದುದು ಒಂದು ಸಂಜೆ ಸುಮ್ಮನೆ ನಿಂತು ನೋಡುವ ತಾಳ್ಮೆ. ಪರಿಶೀಲಿಸಿದ ಮೂರು ಗ್ರಂಥಗಳಲ್ಲಿ ಈ ನೋಡುವ ಕೆಲಸವನ್ನು ಕ್ರಮವಾಗಿ ವಿವರಿಸಿದ ಅಧ್ಯಾಯ ಒಂದರಲ್ಲಿಯೂ ಇಲ್ಲ. ಇದು ಅವುಗಳ ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ನೋಡುವ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಲಾಗುತ್ತಿದೆ. ೨೦೧೫ರಿಂದ ಅಮೆರಿಕೆಯ ಪ್ರಮುಖ ಲೀಗಿನ ಎಲ್ಲ ಮೈದಾನಗಳಲ್ಲಿಯೂ ಚೆಂಡು ದಾಂಡಿನಿಂದ ಹೊರಡುವ ವೇಗವನ್ನೂ ಕೋನವನ್ನೂ ಅಳೆಯುತ್ತಾರೆ. ಚೆಂಡನ್ನು ಮೇಲ್ಮುಖವಾಗಿ ಹೊಡೆಯುವುದೇ ಲಾಭವೆಂಬ ಮತ ಇದರಿಂದ ಬಲಗೊಂಡಿತು. ದಾಂಡು ಸ್ವಲ್ಪ ಮೇಲ್ಮುಖವಾಗಿ ಸಾಗಬೇಕೆಂದು ವಿಲಿಯಮ್ಸ್ ಹೇಳಿದ್ದುದು ಹೀಗೆ ಮತ್ತೆ ಗೌರವಕ್ಕೆ ಬಂದಿದೆ. ಹೋಸೆ ಬಾಟಿಸ್ಟಾ ಅವರು ಈ ಯಂತ್ರಗಳು ಬರುವ ಮೊದಲೇ, ಬೀಸನ್ನು ಬೇಗ ಆರಂಭಿಸುವುದನ್ನು ಕಲಿತು, ೨೦೦೯ರ ೧೩ ಹೋಂ ರನ್ನುಗಳಿಂದ ೨೦೧೦ರಲ್ಲಿ ೫೪ಕ್ಕೆ ಏರಿದ್ದರು. ಅವರ ಕೊರತೆ ಕಾಲದ್ದಾಗಿತ್ತು, ಕೋನದ್ದಲ್ಲ. ಮಕ್ಕಳ ಮೈದಾನದ ಬೇಲಿ ಸಾಮಾನ್ಯವಾಗಿ ೨೦೦ ಅಡಿ ದೂರದಲ್ಲಿರುತ್ತದೆ. ಬಲಿಷ್ಠನಾದ ಹನ್ನೆರಡು ವರ್ಷದ ಹುಡುಗನು ಮೇಲಕ್ಕೆ ಹೊಡೆದರೆ ಚೆಂಡು ಬೇಲಿಯನ್ನು ದಾಟುತ್ತದೆ. ಅವನ ಪಕ್ಕದ ಬಡಕಲು ಹುಡುಗನು ಅದೇ ಕೋನದಲ್ಲಿ ಹೊಡೆದರೆ ೧೪೦ ಅಡಿ ದೂರದಲ್ಲಿ ನಿಂತವನ ಕೈಗೆ ನೇರವಾಗಿ ಹೋಗಿ ಬೀಳುತ್ತದೆ. ಯಂತ್ರ ಇಬ್ಬರಿಗೂ ಒಂದೇ ಕೋನವನ್ನು ತೋರಿಸುತ್ತದೆ.

ಈ ವಿಷಯದಲ್ಲಿ ಮುಂದೆ ಸಂಶೋಧನೆ ನಡೆಸುವವರಿಗೆ ಪ್ರಸಿದ್ಧರ ಗ್ರಂಥಗಳಿಗಿಂತ ಕೆಳದರ್ಜೆಯ ತಂಡಗಳ ಶಿಕ್ಷಕರ ದಿನಚರಿಗಳು ಹೆಚ್ಚು ಉಪಯುಕ್ತವಾಗಬಹುದು: ಯಾವ ಹುಡುಗನಿಗೆ ಏನು ಹೇಳಿದೆವು, ಎಷ್ಟು ದಿನದ ಮೇಲೆ ಏನಾಯಿತು ಎಂಬ ಒಣ ಟಿಪ್ಪಣಿಗಳು. ಓರಿಕ್ಸ್ ಸಂಸ್ಥೆಯ ಎರಡನೆಯ ತಂಡದಲ್ಲಿ ೧೯೯೩ರಲ್ಲಿ ಇಚಿರೋ ಅವರ ಜೊತೆಗೆ ಅಭ್ಯಾಸ ಮಾಡಿ ಮೇಲೆ ಬಾರದೆ ಉಳಿದ ಆಟಗಾರರಿಗೂ ಕವಾಮುರಾ ಅವರೇ ಕಲಿಸಿರಬೇಕು. ಅವರಿಗೆ ಏನನ್ನು ಹೇಳಿದರು, ಏನನ್ನು ಹೇಳದೆ ಬಿಟ್ಟರು ಎಂಬುದು ತಿಳಿದುಬಂದರೆ ಮೇಲಿನ ಪುಟಗಳಲ್ಲಿ ಎತ್ತಿದ ಹಲವು ಪ್ರಶ್ನೆಗಳನ್ನು ಇನ್ನೂ ಖಚಿತವಾಗಿ ಚರ್ಚಿಸಲು ಸಾಧ್ಯವಾದೀತು.